ಸಾವಿರ ವರ್ಷದ ಹಗೆಯಂತೆ!

(1/8)
ಫೋಟೋದಲ್ಲಿ ಇರೋದು ಕೊಟ್ಟಿಗೆಹಾರ, ಬೆಳಗ್ಗೆ ಏಳೂವರೆ. ಮಂಜು ಬಿಟ್ಟು ಬೇರೆ ಎಂತದೂ ಕಾಣ್ತಿಲ್ಲ ಅಂತ ಬೈಬೇಡಿ, ಮಳೆಗಾಲದಲ್ಲಿ ಇಲ್ಲಿ ಸಿಗೋದೇ ಇಷ್ಟು.

ವಿಷಯಕ್ಕೆ ಬರ್ತೀನಿ. ಎರಡು ತಿಂಗಳಿಂದ ನಮ್ಮ ಕ್ಲಾಸಿನವರ ಡಿಪಿ, ಸ್ಟೋರಿ ಎಲ್ಲಾ ನೋಡ್ತಾ ಇದ್ದೀನಿ. ಒಬ್ಬನದು ಬಿಳಿ ಅಂಗಿ ಮೇಲೆ ಕೆಂಪು ಶಿಲುಬೆ, ಕೈಯಲ್ಲಿ ಕತ್ತಿ, ಕೆಳಗೆ 'ದೇವುಸ್ ವುಲ್ಟ್'. ಇನ್ನೊಬ್ಬನದು ಕುದುರೆ ಮೇಲೆ ಸಲಾಹುದ್ದೀನ್, ಸ್ಲೋ ಮೋಷನ್‌ನಲ್ಲಿ ಧೂಳು. ಎರಡು ಎಡಿಟ್‌ಗೂ ಹಿಂದೆ ಬರೋದು ಒಂದೇ ಮ್ಯೂಸಿಕ್ಕು, ಅದನ್ನಾದ್ರೂ ಗಮನಿಸಿದ್ರಾ ಮಾರಾಯ್ರೆ? ಇನ್ನು ಮೂರನೇ ಜಾತಿಯವರು ಇದ್ದಾರೆ. ಅವರು ಡಿಪಿ ಹಾಕಲ್ಲ. ಎರಡೂ ಕಡೆಯ ರೀಲ್ ಕೆಳಗೆ ಹೋಗಿ, 'ಹೊಡ್ಕೊಂಡು ಸಾಯ್ಲಿ ಬಿಡು, ಕ್ರಿಶ್ಚಿಯನ್ನು, ಮುಸ್ಲಿಮು, ಯಹೂದಿ, ಮೂವರದ್ದೂ ಸಾವಿರ ವರ್ಷದ ಹಗೆ, ರಕ್ತದಲ್ಲೇ ಬಂದಿದೆ' ಅಂತ ಬರೆದು ನಗೋ ಎಮೋಜಿ ಹಾಕ್ತಾರೆ.

ಈ ಸರಣಿ ಮೂವರಿಗೂ. ಆದರೆ ಹೆಚ್ಚಾಗಿ ಮೂರನೆಯವರಿಗೆ, ಯಾಕಂದ್ರೆ ತಮಗೆ ಇತಿಹಾಸ ಗೊತ್ತು ಅಂತ ಅಂದ್ಕೊಂಡಿರೋರು ಅವರೇ.

ನಾನು ಹೇಳೋದು ಇಷ್ಟು. ಈ ಹಗೆ ಯಾರ ರಕ್ತದಲ್ಲೂ ಬಂದಿದ್ದಲ್ಲ. ಪ್ರತಿ ಸಲವೂ ಯಾರೋ ಕೂತು ತೀರ್ಮಾನ ಮಾಡಿ, ಸಾಲ ಎತ್ತಿ, ಹಡಗು ಕಟ್ಟಿ, ಜನರನ್ನ ಕರೆದು ಮಾಡಿಸಿದ್ದು. ಅದೇ ವರ್ಷಗಳಲ್ಲಿ ಬೇರೆ ಥರ ಬದುಕಿದವರೂ ಇದ್ದರು, ಅವರ ಕಾಗದ ಪತ್ರ ಉಳಿದಿದೆ. ಅದರಲ್ಲಿ ಒಂದು ಕಂತೆ ಬಂದು ಬಿದ್ದಿದ್ದು ಎಲ್ಲಿಗೆ ಗೊತ್ತಾ? ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ, ಬಂಟ್ವಾಳ ದಾಟಿದರೆ ಸಿಗೋ ಮಂಗಳೂರಿಗೆ.

(2/8)
1148ನೇ ಇಸವಿ ಜುಲೈ ತಿಂಗಳು. ಫ್ರಾನ್ಸಿನ ರಾಜ ಏಳನೇ ಲೂಯಿ, ಜರ್ಮನಿಯ ರಾಜ ಮೂರನೇ ಕಾನ್ರಾಡ್, ಜೆರುಸಲೇಮಿನ ಹುಡುಗ ರಾಜ ಮೂರನೇ ಬಾಲ್ಡ್‌ವಿನ್, ಮೂವರೂ ಸೇರಿ ಡಮಾಸ್ಕಸ್‌ಗೆ ಮುತ್ತಿಗೆ ಹಾಕಿದ್ರು. ಎರಡನೇ ಕ್ರುಸೇಡ್ ಅಂತಾರಲ್ಲ, ಅದು. 1144ರಲ್ಲಿ ಎಡೆಸ್ಸಾ ಅನ್ನೋ ಊರನ್ನ ಜೆಂಗಿ ಅನ್ನೋ ದೊರೆ ಕ್ರೈಸ್ತರಿಂದ ಕಿತ್ಕೊಂಡಿದ್ದ, ಅದಕ್ಕೆ ಪೋಪ್ ಕರೆ ಕೊಟ್ಟಿದ್ದರು.

ಈಗ ನಗೋದಾದ್ರೆ ಇಲ್ಲಿ ನಗಿ. ಡಮಾಸ್ಕಸ್ ಎಡೆಸ್ಸಾ ಹಿಡಿದ ಊರಲ್ಲ. ಅದು ಜೆಂಗಿಗೆ ಹೆದರಿ ಜೆರುಸಲೇಮಿನ ಕ್ರೈಸ್ತರ ಜೊತೆ ಒಪ್ಪಂದ ಮಾಡ್ಕೊಂಡಿದ್ದ ಮುಸ್ಲಿಂ ಊರು. ಇದ್ದ ಒಬ್ಬ ಸ್ನೇಹಿತನ ಮನೆಗೇ ಕಲ್ಲು ಹೊಡೆದ ಹಾಗೆ. ನಾಲ್ಕೈದು ದಿನದಲ್ಲಿ ಮುತ್ತಿಗೆ ಕಿತ್ತು ವಾಪಸ್ ಹೋದ್ರು. ಆರು ವರ್ಷ ಕಳೆದು, 1154ರಲ್ಲಿ, ಆ ಊರು ಜೆಂಗಿಯ ಮಗ ನೂರುದ್ದೀನ್ ಕೈ ಸೇರಿತು. 'ರಕ್ತದಲ್ಲೇ ಹಗೆ' ಅನ್ನೋ ಲೆಕ್ಕದಲ್ಲಿ ಆ ಒಪ್ಪಂದವನ್ನ ಎಲ್ಲಿ ಇಡ್ತೀರಿ?

ಆ ಒಪ್ಪಂದದ ಕಾಲದಲ್ಲಿ ಡಮಾಸ್ಕಸ್ ಕಡೆಯಿಂದ ಜೆರುಸಲೇಮಿಗೆ ಹೋಗಿ ಬರ್ತಿದ್ದ ಉಸಾಮಾ ಇಬ್ನ್ ಮುನ್ಕಿಧ್ ಅನ್ನೋ ಸರದಾರ ತನ್ನ ನೆನಪುಗಳನ್ನ ಬರೆದಿಟ್ಟಿದ್ದಾನೆ. ಅಕ್ಸಾ ಮಸೀದಿ ಆಗ ಟೆಂಪ್ಲರ್‌ಗಳ ಕೈಲಿತ್ತು. ಟೆಂಪ್ಲರ್ ಅಂದ್ರೆ ನಿನ್ನ ಡಿಪಿಯಲ್ಲಿ ಇದ್ದಾನಲ್ಲ, ಅವನೇ. ಈತ ಹೋದಾಗ ಅವರು ಪಕ್ಕದ ಒಂದು ಚಿಕ್ಕ ಜಾಗವನ್ನ ನಮಾಜಿಗೆ ಬಿಟ್ಟುಕೊಡ್ತಿದ್ರಂತೆ. ಒಂದಿನ ಈತ ನಿಂತಿದ್ದಾಗ ಒಬ್ಬ ಬಂದು ಹಿಡಿದು ಪೂರ್ವಕ್ಕೆ ತಿರುಗಿಸಿ, 'ಹೀಗೆ ಮಾಡು ಪ್ರಾರ್ಥನೆ' ಅಂದನಂತೆ. ಟೆಂಪ್ಲರ್‌ಗಳು ಅವನನ್ನ ಎಳೆದು ಹೊರಗೆ ಹಾಕಿ ಉಸಾಮಾನ ಹತ್ರ ಕ್ಷಮೆ ಕೇಳಿದ್ರು. ಇವನು ಈಗಷ್ಟೇ ಯುರೋಪಿಂದ ಬಂದಿದ್ದಾನೆ, ಬೇರೆ ದಿಕ್ಕಿಗೆ ಮುಖ ಮಾಡಿ ಪ್ರಾರ್ಥಿಸೋರನ್ನ ಇವನು ನೋಡೇ ಇಲ್ಲ ಅಂತ ಸಮಾಧಾನ ಹೇಳಿದ್ರು.

ಹೊಸದಾಗಿ ಬಂದವನು, ಯಾರನ್ನೂ ನೋಡದವನು. ನಮ್ಮ ರೀಲ್ ವೀರರ ವಿವರಣೆ ಇದಕ್ಕಿಂತ ಚೆನ್ನಾಗಿ ಯಾರು ಕೊಡ್ತಾರೆ?

(3/8)
ಅದೇ 1148ರ ಬೇಸಿಗೆಯಲ್ಲಿ ಏಡನ್ ಬಂದರಿನಿಂದ ಮಂಗಳೂರಿಗೆ ಒಂದು ಕಾಗದ ಬಂತು. ಬರೆದವನು ಖಲಫ್ ಇಬ್ನ್ ಇಸ್ಹಾಕ್, ಯಹೂದಿ ವ್ಯಾಪಾರಿ. ಬಂದಿದ್ದು ಅಬ್ರಹಾಂ ಬೆನ್ ಯಿಜುಗೆ. ಇವನೂ ಯಹೂದಿ, ಊರು ಟುನೀಷಿಯಾದ ಮಹ್ದಿಯಾ. ಸುಮಾರು 17 ವರ್ಷ ನಮ್ಮ ಮಲಬಾರ್-ತುಳುನಾಡು ಕರಾವಳಿಯಲ್ಲಿ ಇದ್ದ, ಅದರಲ್ಲಿ ಹೆಚ್ಚಿನದು ಮಂಗಳೂರಲ್ಲಿ. ಆಗ ಅಲ್ಲಿ ಆಳುಪರ ಆಳ್ವಿಕೆ.

ಈ ಕಾಗದ ಹೇಗೆ ಉಳೀತು ಅನ್ನೋದೇ ಒಂದು ಕಥೆ. ಯಹೂದಿಗಳು ದೇವರ ಹೆಸರು ಬರೆದಿರಬಹುದಾದ ಕಾಗದ ಎಸೆಯಲ್ಲ. ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಹಾಕಿಬಿಡ್ತಿದ್ರು. ನೂರಾರು ವರ್ಷ ಹಾಗೇ ಬಿದ್ದಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅನ್ನೋ ವಿದ್ವಾಂಸ ಅದರಲ್ಲಿ ಬಹುಪಾಲನ್ನ ಕೇಂಬ್ರಿಡ್ಜ್‌ಗೆ ಸಾಗಿಸಿದ. ಭಾಷೆ ಅರಬಿ, ಲಿಪಿ ಹೀಬ್ರೂ. ಯಹೂದಿಯ ಮನೆಮಾತೇ ಅರಬಿ ಅನ್ನೋದನ್ನ ಒಂದು ಸಲ ಗಟ್ಟಿಯಾಗಿ ಓದ್ಕೊಳಿ.

ಕಾಗದದಲ್ಲಿ ಏನಿದೆ? ಮೆಣಸು, ಅಡಿಕೆ, ಕಬ್ಬಿಣ, ಏಲಕ್ಕಿ. ಮಂಗಳೂರಲ್ಲಿ ಬೆನ್ ಯಿಜುಗೆ ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆ ಇತ್ತು, ಏಡನ್‌ನಿಂದ ಹಳೇ ಕಂಚು ಬರ್ತಿತ್ತು, ಇಲ್ಲಿಂದ ಹೊಸದಾಗಿ ಹೋಗ್ತಿತ್ತು. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯೋಕೆ ಒಳ್ಳೇ ಕಾಗದ. ಏಡನ್‌ನ ವರ್ತಕರ ಮುಖ್ಯಸ್ಥ ಮದ್ಮೂನ್, ಅವನೂ ಯಹೂದಿ, ಅಲ್ಲಿನ ಮುಸ್ಲಿಂ ಆಡಳಿತಗಾರ ಬಿಲಾಲ್ ಜೊತೆ ಪಾಲಿನಲ್ಲಿ ಹಡಗು ಕಟ್ಟಿಸಿದ್ದ. ಮಂಗಳೂರಿನ ಹಿಂದೂ ವರ್ತಕರಿಗೆ ಏಡನ್‌ನ ಮೆಣಸಿನ ರೇಟು ತಿಳಿಸು ಅಂತ ಬೆನ್ ಯಿಜುಗೆ ಹೇಳಿ ಕಳಿಸೋನೂ ಅವನೇ.

ನಮ್ಮೂರಿನವರಿಗೆ ಇಷ್ಟ ಆಗೋ ಭಾಗ ಏಲಕ್ಕಿದು. ಇಲ್ಲಿನ ಒಬ್ಬ ವ್ಯಾಪಾರಿ ಅಡ್ವಾನ್ಸ್ ತಗೊಂಡು ಏಲಕ್ಕಿ ಕೊಡಲೇ ಇಲ್ಲ. ಏಡನ್‌ನ ಪಾಲುದಾರರು ಕಾಗದದ ಮೇಲೆ ಕಾಗದ ಬರೀತಾರೆ, ಬೆನ್ ಯಿಜು ಇಲ್ಲಿ ತಲೆ ಚಚ್ಕೊಳ್ತಾನೆ. ಏಲಕ್ಕಿ ಬೆಳೆಯೋದು ಘಟ್ಟದಲ್ಲಿ ಅನ್ನೋದು ನಿಮಗೆ ಗೊತ್ತು. ಮುಂಗಡ ತಗೊಂಡು ಫೋನ್ ಎತ್ತದೇ ಇರೋ ವಿದ್ಯೆ ಈ ಕಡೆ ಎಷ್ಟು ಹಳೇದು ನೋಡಿ!

ಇನ್ನೊಂದು ಹೆಸರು ಉಂಟು. ಖಲಫ್‌ನ ಕಾಗದದಲ್ಲಿ ಬೆನ್ ಯಿಜುವಿನ ಆಳೊಬ್ಬನಿಗೂ ನಮಸ್ಕಾರ ಹೇಳಿದ್ದಾರೆ. ಹೀಬ್ರೂ ಲಿಪಿಯಲ್ಲಿ ಸ್ವರ ಸರಿಯಾಗಿ ಇರಲ್ಲ, ಹಾಗಾಗಿ ಹೆಸರು ಏನಂತ ತುಂಬಾ ದಿನ ಬಗೆಹರೀಲಿಲ್ಲ. ಅಮಿತಾವ್ ಘೋಷ್ 1992ರಲ್ಲಿ ತಂದ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಪುಸ್ತಕ ಪೂರ್ತಿ ಇವನ ಹಿಂದೆ ಹೋದ ಕಥೆ. ಅವರಿಗೆ ಈ ಗಂಟು ಬಿಡಿಸಿಕೊಟ್ಟಿದ್ದು ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ. ಹೆಸರು ಬೊಮ್ಮ. ತುಳುನಾಡಿನ ಬೊಮ್ಮ, ಯಹೂದಿ ಯಜಮಾನನ ಪರವಾಗಿ ಏಡನ್‌ಗೆ ಹೋಗಿ ಬಂದವನು. ಇವನ ಎಡಿಟ್ ಯಾರಾದ್ರೂ ಮಾಡಿದ್ದೀರಾ?

(4/8)
'ಶುರುವಾಯ್ತು ನೋಡು ಸೌಹಾರ್ದದ ಭಾಷಣ' ಅಂತ ಒಬ್ಬರು ಈಗಾಗಲೇ ಡಿಎಂ ಮಾಡಿದ್ದಾರೆ. ತಾಳ್ಮೆ ಇರಲಿ. ನಾನು ಸಕ್ಕರೆ ಹಚ್ತಾ ಇಲ್ಲ.

ಬೊಮ್ಮ ಸಂಬಳದ ಏಜೆಂಟ್ ಥರ ಓಡಾಡಿದ್ರೂ ಗುಲಾಮನೇ. ಬೆನ್ ಯಿಜು 1132ರ ಅಕ್ಟೋಬರ್ 17ರಂದು ಮಂಗಳೂರಲ್ಲಿ ಅಶು ಅನ್ನೋ ದಾಸಿಯನ್ನ ಬಿಡುಗಡೆ ಮಾಡಿದ ಪತ್ರ ಇದೆ. ಆಮೇಲೆ ಅವಳನ್ನೇ ಮದುವೆಯಾದ ಅಂತ ಓದಿದವರು ಹೇಳ್ತಾರೆ. ಬಿಡುಗಡೆ ಪತ್ರ ಇದೆ ಅಂದ್ರೆ ಅದಕ್ಕೆ ಮುಂಚೆ ಕೊಂಡಿದ್ದ ಅಂತಲೇ ಅರ್ಥ. ಅದನ್ನ ಮುಚ್ಚಿಡೋ ಅಗತ್ಯ ನಂಗಿಲ್ಲ.

ಇಬ್ನ್ ಬತೂತಾ 1340ರ ದಶಕದಲ್ಲಿ ಮಂಗಳೂರಿಗೆ ಬಂದಾಗ ಊರ ಹೊರಗೆ ಸುಮಾರು 4,000 ಮುಸ್ಲಿಮರು ಇದ್ದರು ಅಂತ ಬರೀತಾನೆ. ಅವರಿಗೂ ಊರವರಿಗೂ ಆಗಾಗ ಜಗಳ ಆಗ್ತಿತ್ತಂತೆ, ರಾಜ ಮಧ್ಯೆ ಬಂದು ಬಿಡಿಸ್ತಿದ್ದನಂತೆ. ಯಾಕೆ? ಅವನಿಗೆ ವ್ಯಾಪಾರಿಗಳು ಬೇಕಿತ್ತು. ಇದರಲ್ಲಿ ಪ್ರೀತಿ ಗೀತಿ ಏನಿಲ್ಲ. ಜಗಳ ಇತ್ತು, ಬಿಡಿಸೋನು ಇದ್ದ, ಮಾರನೇ ದಿನ ಅಂಗಡಿ ತೆಗೀತಿದ್ರು. ನಾನು ಕೇಳ್ತಿರೋದೂ ಇಷ್ಟನ್ನೇ, ಅಪ್ಪಿಕೊಳ್ಳೋ ಫೋಟೋ ಕೇಳ್ತಿಲ್ಲ.

ಇನ್ನು ಕೊಂದಿದ್ದು. 1096ರಲ್ಲಿ ಮೊದಲ ಕ್ರುಸೇಡ್‌ಗೆ ಹೊರಟವರಲ್ಲಿ ಕೆಲವು ಗುಂಪುಗಳು ಜೆರುಸಲೇಮ್ ಕಡೆ ಮುಖ ಮಾಡೋಕೂ ಮುಂಚೆ ರೈನ್ ನದಿ ದಡದ ಸ್ಪೇಯರ್, ವರ್ಮ್ಸ್, ಮೈಂಝ್ ಊರುಗಳಲ್ಲಿ ನೆರೆಮನೆಯ ಯಹೂದಿಗಳನ್ನ ಕೊಂದವು. 1099ರ ಜುಲೈ 15ರಂದು ಜೆರುಸಲೇಮ್ ಬಿದ್ದಾಗ ಮುಸ್ಲಿಮರನ್ನೂ ಯಹೂದಿಗಳನ್ನೂ ಸೇರಿಸಿ ಕಡಿದರು. 'ದೇವುಸ್ ವುಲ್ಟ್' ಅಂದ್ರೆ 'ದೇವರ ಇಚ್ಛೆ' ತಾನೇ? ಆ ಊರಿಂದ ಸೆರೆಯಾದ ಯಹೂದಿಗಳನ್ನೂ ಅವರ ಗ್ರಂಥಗಳನ್ನೂ ದುಡ್ಡು ಕೊಟ್ಟು ಬಿಡಿಸೋಕೆ ಚಂದಾ ಎತ್ತಿದ ಕಾಗದವೂ ಅದೇ ಕೈರೋ ಕೋಣೆಯಲ್ಲಿ ಸಿಕ್ಕಿದೆ.

ಕುದುರೆ ಡಿಪಿಯವನೇ, ನಿನಗೂ ಉಂಟು. 1140ರ ದಶಕದಲ್ಲಿ ಮೊರಾಕ್ಕೋದಲ್ಲಿ ಅಲ್ಮೊಹಾದ್ ಅನ್ನೋ ಮುಸ್ಲಿಂ ದೊರೆಗಳು ಎದ್ದು ಯಹೂದಿ, ಕ್ರೈಸ್ತರಿಗೆ ಮತ ಬಿಡಿ, ಇಲ್ಲ ಸಾಯಿರಿ ಅಂದರು. ಅವರು ಸ್ಪೇನಿನ ಕೊರ್ಡೊಬಾಕ್ಕೆ ಬಂದ ಮೇಲೆ ಊರು ಬಿಟ್ಟ ಯಹೂದಿ ಕುಟುಂಬದ ಹುಡುಗ ಮೈಮೊನಿಡೀಸ್. ಅವನು ಹೋಗಿ ಸೇರಿದ್ದು ಎಲ್ಲಿಗೆ? ಕೈರೋಗೆ, ಸಲಾಹುದ್ದೀನ್ ಆಸ್ಥಾನದ ವೈದ್ಯನಾಗಿ. ಅವನ ತಮ್ಮ ಡೇವಿಡ್ ಇಂಡಿಯಾ ವ್ಯಾಪಾರಕ್ಕೆ ಹೊರಟು ನಮ್ಮ ಈ ಸಮುದ್ರದಲ್ಲೇ ಮುಳುಗಿ ಸತ್ತ. ಮುಸ್ಲಿಂ ದೊರೆಯಿಂದ ಓಡಿದವನಿಗೆ ಮುಸ್ಲಿಂ ದೊರೆಯೇ ಅನ್ನ ಕೊಟ್ಟ. ರಕ್ತದ ಸಿದ್ಧಾಂತದಲ್ಲಿ ಇದನ್ನ ಬಿಡಿಸಿ ತೋರಿಸಿ.

ಸಲಾಹುದ್ದೀನ್ ಬಗ್ಗೆ ಒಂದು ಮಾತು. 1187ರಲ್ಲಿ ಜೆರುಸಲೇಮ್ ಗೆದ್ದಾಗ ಅವನು 1099ರ ಹಾಗೆ ಕಡಿಯಲಿಲ್ಲ, ನಿಜ, ದೊಡ್ಡ ಮಾತು. ಆದರೆ ತಲೆಗೆ ಇಷ್ಟು ಅಂತ ದುಡ್ಡು ಕಟ್ಟೋಕೆ ಆಗದ ಸಾವಿರಾರು ಬಡವರು ಗುಲಾಮರಾಗಿ ಹೋದರು. ಅದಕ್ಕೆ ಮುಂಚಿನ ಹತ್ತು ಹನ್ನೆರಡು ವರ್ಷದಲ್ಲಿ ಅವನು ಹೆಚ್ಚು ಯುದ್ಧ ಮಾಡಿದ್ದು ಮುಸ್ಲಿಂ ದೊರೆಗಳ ಮೇಲೆ. ಇವೆರಡೂ ನಿನ್ನ 30 ಸೆಕೆಂಡಿನ ಎಡಿಟ್‌ನಲ್ಲಿ ಹಿಡಿಯಲಿಲ್ಲ, ಅಲ್ವಾ?

ಹಾಗಂತ ಎಲ್ಲಾ ದುಡ್ಡಿಗೇ ಮಾಡಿದ್ದು ಅನ್ನೋರ ಜೊತೆಗೂ ನಾನಿಲ್ಲ. ಜಮೀನು ಅಡವಿಟ್ಟು, ಹೆಂಡತಿ ಮಕ್ಕಳನ್ನ ಬಿಟ್ಟು ಹೋದವರು ಬಹಳ ಜನ ನಿಜವಾಗಿಯೂ ನಂಬಿಯೇ ಹೋದರು. ನಂಬಿದವರನ್ನ ಯಾವ ಕಡೆ ತಿರುಗಿಸಬೇಕು ಅಂತ ತೀರ್ಮಾನ ಮಾಡಿದವರು ಬೇರೆ ಇದ್ದರು. ನಾನು ಜಗಳ ತೆಗೀತಿರೋದು ಆ ತೀರ್ಮಾನದ ಬಗ್ಗೆ.

(5/8)
ಈ ಫೋಟೋ ಕಾರವಾರದ ಬೀಚಿಂದು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಸಮುದ್ರದಲ್ಲಿ ಅಂಜದೀವ್ ಅನ್ನೋ ದ್ವೀಪ ಇದೆ.

1498ರಲ್ಲಿ ವಾಸ್ಕೋ ಡ ಗಾಮ ವಾಪಸ್ ಹೋಗೋವಾಗ ಹಡಗು ರಿಪೇರಿಗೆ ಅಲ್ಲಿ ನಿಂತ. ಒಬ್ಬ ಗಡ್ಡದ ಮನುಷ್ಯ ಬಂದು ಯುರೋಪಿನ ಭಾಷೆಯಲ್ಲಿ ಮಾತಾಡಿಸಿದ. ಅವನು ಹುಟ್ಟಿನಿಂದ ಯಹೂದಿ, ಅವನ ಹಿರಿಯರು ಪೋಲೆಂಡ್ ಕಡೆಯವರು. ಕೆಲಸ ಮಾಡ್ತಿದ್ದಿದ್ದು ಗೋವಾದ ಮುಸ್ಲಿಂ ಅಧಿಪತಿ ಕೈಕೆಳಗೆ. ಇವನು ಗೂಢಚಾರ ಅಂತ ಪೋರ್ಚುಗೀಸರು ಕಟ್ಟಿ ಹಾಕಿ ಹೊಡೆದರು. ಬಾಯಿ ಬಿಟ್ಟ ಮೇಲೆ ದೀಕ್ಷಾಸ್ನಾನ ಮಾಡಿಸಿ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟು ಲಿಸ್ಬನ್‌ಗೆ ಕರ್ಕೊಂಡು ಹೋದರು. ಮುಂದೆ ಅವರಿಗೆ ಇಲ್ಲಿನ ಬಂದರು, ರಾಜರು, ಭಾಷೆ ಎಲ್ಲ ಹೇಳಿಕೊಟ್ಟ ದುಭಾಷಿ ಅವನೇ.

ಆ ಹಡಗುಗಳ ಹಾಯಿ ಮೇಲೆ ಇದ್ದಿದ್ದು 'ಆರ್ಡರ್ ಆಫ್ ಕ್ರೈಸ್ಟ್' ಪಂಥದ ಕೆಂಪು ಶಿಲುಬೆ. ಟೆಂಪ್ಲರ್‌ಗಳ ಪಂಥ ಮುಚ್ಚಿದ ಮೇಲೆ ಪೋರ್ಚುಗಲ್‌ನಲ್ಲಿ ಅವರ ಆಸ್ತಿ ಹೋಗಿದ್ದು ಇದಕ್ಕೆ. 1497ರಲ್ಲಿ, ಗಾಮ ಹೊರಟ ವರ್ಷವೇ, ಅದೇ ರಾಜ ಮಾನ್ಯುಯೆಲ್ ತನ್ನ ದೇಶದ ಯಹೂದಿಗಳನ್ನ ಬಲವಂತವಾಗಿ ಮತಾಂತರ ಮಾಡಿಸಿದ್ದ. ಅಂದ್ರೆ ಕ್ರುಸೇಡ್ ನಮ್ಮ ಕರಾವಳಿಗೆ ಬಂದಿದ್ದು ಹೀಗೆ, ಹಾಯಿ ಮೇಲೆ ಬರ್ಕೊಂಡು.

(6/8)
1502ರಲ್ಲಿ ಗಾಮ ಎರಡನೇ ಸಲ ಬಂದ. ಹೊನ್ನಾವರ, ಭಟ್ಕಳದ ಮೇಲೆ ಬಿದ್ದು, ಭಟ್ಕಳದಿಂದ ಅಕ್ಕಿ ಕಪ್ಪ ಗೊತ್ತು ಮಾಡಿಸಿ, ಮುಂದೆ ಹೋಗಿ ಮೆಕ್ಕಾದಿಂದ ಬರ್ತಿದ್ದ ಯಾತ್ರಿಕರ ಹಡಗು 'ಮೀರಿ'ಯನ್ನ ಹೆಂಗಸರು ಮಕ್ಕಳ ಸಮೇತ ಸುಟ್ಟ. ಅವನ ಜೊತೆ ಹೋಗಿದ್ದವರೇ ಇದನ್ನ ಬರೆದಿದ್ದಾರೆ.

1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿದ. ನವೆಂಬರ್ 25ರಂದು ಊರು ಬಿದ್ದ ಮೇಲೆ ದಿನಗಟ್ಟಲೆ ಮುಸ್ಲಿಮರನ್ನ ಹುಡುಕಿ ಕೊಂದರು, 6,000 ಜನ ಅಂತ ರಾಜನಿಗೆ ಅವನೇ ಲೆಕ್ಕ ಬರೆದ. ಧರ್ಮಯುದ್ಧ ಅಂತಲೇ ನಂಬಿದ್ದ ಮನುಷ್ಯ, ಅದರಲ್ಲಿ ಅನುಮಾನ ಇಲ್ಲ. ಆದರೆ ಗೋವಾಕ್ಕೆ ಬಾ ಅಂತ ಅವನಿಗೆ ದಾರಿ ತೋರಿಸಿ, ಜನ ಕೊಟ್ಟವನು ಯಾರು? ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜಾ, ಹಿಂದೂ. ಅವನಿಗೆ ಗೋವಾದ ಕಂದಾಯದ ಮೇಲೆ ಕಣ್ಣಿತ್ತು. ಪೋರ್ಚುಗೀಸರಿಗೆ ಅರಬಿ ಕುದುರೆಗಳ ಸುಂಕ ಬೇಕಿತ್ತು, ಆ ಕುದುರೆ ಬೇಕಾಗಿದ್ದು ವಿಜಯನಗರಕ್ಕೆ. 'ಅವರು ಹೊಡ್ಕೊಂಡು ಸಾಯ್ಲಿ, ನಮಗೇನು' ಅಂತ ಬರೆದ ಮೂರನೆಯವರೇ, ನಮಗೇನೂ ಇರಲಿಲ್ಲ ಅಂತ ಇನ್ನೊಂದು ಸಲ ಹೇಳಿ ನೋಡೋಣ.

ಐವತ್ತು ವರ್ಷ ಆಗಿ, 1560ರಲ್ಲಿ, ಅದೇ ಗೋವಾದಲ್ಲಿ ಇನ್‌ಕ್ವಿಸಿಷನ್ ಅಂದ್ರೆ ಮತವಿಚಾರಣೆಯ ಕೋರ್ಟು ಬಂತು. ಮೊದಮೊದಲು ಅದು ಹುಡುಕಿದ್ದು ಮತಾಂತರ ಆದಮೇಲೂ ಒಳಗೊಳಗೆ ಯಹೂದಿಯಾಗೇ ಉಳಿದವರನ್ನ. ಗಾರ್ಸಿಯಾ ಡ ಓರ್ಟಾ ಅನ್ನೋ ಡಾಕ್ಟರು ಗೋವಾದಲ್ಲೇ ಇದ್ದು ಮೆಣಸು, ಏಲಕ್ಕಿ, ಅಡಿಕೆ, ಇಲ್ಲಿನ ಗಿಡಮೂಲಿಕೆ ಬಗ್ಗೆ 1563ರಲ್ಲಿ ದೊಡ್ಡ ಪುಸ್ತಕ ತಂದಿದ್ದರು. ಮುಸ್ಲಿಂ ಹಕೀಮರ ಹತ್ರವೂ, ಹಿಂದೂ ವೈದ್ಯರ ಹತ್ರವೂ ಕೇಳಿ ತಿಳ್ಕೊಂಡವರು. 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತರಿನಾಳನ್ನ ಯಹೂದಿ ಅಂತ ಜೀವಂತ ಸುಟ್ಟರು. 1580ರಲ್ಲಿ ಡಾಕ್ಟರ ಮೂಳೆಗಳನ್ನೂ ಗೋರಿಯಿಂದ ತೆಗೆದು ಸುಟ್ಟರು.

ಸತ್ತು 12 ವರ್ಷ ಆದವರ ಮೂಳೆ. ಇದಕ್ಕೆ ಕಡತ ಬೇಕು, ಗುಮಾಸ್ತ ಬೇಕು, ಸಹಿ ಬೇಕು, ಸೌದೆಗೆ ದುಡ್ಡು ಬೇಕು. ಸಿಟ್ಟಲ್ಲಿ ಆಗೋ ಕೆಲಸ ಇದಲ್ಲ.

(7/8)
ಗಡಾಯಿಕಲ್ಲು. ಚಾರ್ಮಾಡಿ ಇಳೀವಾಗ ಮಂಜು ಇಲ್ಲದ ದಿನ ದೂರದಲ್ಲಿ ಕಾಣೋ ಆ ಒಂಟಿ ಬಂಡೆ. ಮೇಲಿನ ಕೋಟೆ ಟಿಪ್ಪುದು.

ಟಿಪ್ಪು ಅಂದ ಕೂಡ್ಲೇ ಕಾಮೆಂಟ್ ಬಾಕ್ಸಿಗೆ ಓಡಬೇಡಿ, ಪೂರ್ತಿ ಓದಿ. 1784ರಲ್ಲಿ ಟಿಪ್ಪು ಕೆನರಾದ ಕೊಂಕಣಿ ಕ್ರೈಸ್ತರನ್ನ ಮನೆ ಮಠ ಬಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. 30 ಸಾವಿರ ಅಂತ ಒಂದು ಲೆಕ್ಕ, 60 ಸಾವಿರ ಅಂತ ಇನ್ನೊಂದು. ದಾರಿಯಲ್ಲಿ ಸತ್ತರು, ಅಲ್ಲಿ ಹೋಗಿ ಸತ್ತರು. ಚರ್ಚುಗಳನ್ನ ಕೆಡವಿದರು, ಗಂಡಸರಿಗೆ ಬಲವಂತದ ಮತಾಂತರ. ಬದುಕಿ ಉಳಿದವರು ವಾಪಸ್ ಬಂದಿದ್ದು 1799ರಲ್ಲಿ ಅವನು ಸತ್ತ ಮೇಲೆ. ಇದನ್ನ ಸುಳ್ಳು ಅನ್ನೋರು, 'ಬ್ರಿಟಿಷರಿಗೆ ಸಹಾಯ ಮಾಡಿದ್ರಲ್ಲ, ಅದಕ್ಕೆ' ಅಂತ ಒಂದೇ ಸಾಲಲ್ಲಿ ಮುಗಿಸೋರು, ದಯವಿಟ್ಟು ನನ್ನ ಅನ್‌ಫಾಲೋ ಮಾಡಿ. ಕೆಲವರ ಮೇಲಿನ ಅನುಮಾನಕ್ಕೆ ಹಾಲು ಕುಡಿಯೋ ಮಕ್ಕಳನ್ನ ನಡೆಸೋದು ಶಿಕ್ಷೆ ಅಂತ ಆಗಲ್ಲ.

ಆದ್ರೆ ಇದನ್ನ ಹಿಡ್ಕೊಂಡು 'ನೋಡು, ಮುಸ್ಲಿಂ-ಕ್ರಿಶ್ಚಿಯನ್ ರಕ್ತದ ಹಗೆ' ಅನ್ನೋರಿಗೆ ಎರಡು ಪ್ರಶ್ನೆ. ಅದೇ ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರು ಯಾಕಿದ್ರು? ಮತ್ತೆ, ನಮ್ಮ ಜಿಲ್ಲೆಯದ್ದೇ ಶೃಂಗೇರಿ. 1791ರಲ್ಲಿ ಅದನ್ನ ಲೂಟಿ ಮಾಡಿದ್ದು ಮರಾಠರ ಸೈನ್ಯದವರು. ಶಾರದೆಯ ಪ್ರತಿಷ್ಠೆ ಮತ್ತೆ ಮಾಡಿಸೋಕೆ ಸ್ವಾಮಿಗಳಿಗೆ ದುಡ್ಡು ಕಳಿಸಿದ್ದು ಟಿಪ್ಪು. ಆ ಕಾಗದಗಳನ್ನ ಮಠದಲ್ಲಿ 1916ರಲ್ಲಿ ಹೊರತೆಗೆದವರು ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್. ಇದರಿಂದ ಟಿಪ್ಪು ಸಂತ ಆಗಲ್ಲ, 1784 ಅಳಿಸಿಹೋಗಲ್ಲ. ಒಬ್ಬ ರಾಜ ಎಲ್ಲಿ ಏನು ಬೇಕೋ ಅದನ್ನ ಲೆಕ್ಕ ಹಾಕಿ ಮಾಡಿದ, ಅಷ್ಟೇ. ಲೆಕ್ಕ ಹಾಕಿದವನ ಹೆಸರಲ್ಲಿ ಆ ಪಾಪ ಬರೀರಿ, ಅವನ ಮತದಲ್ಲಿ ಹುಟ್ಟಿದ ಎಲ್ಲರ ಹೆಸರಲ್ಲಿ ಬರೀಬೇಡಿ.

ಯಾಕೆ ಇಷ್ಟು ಕೂಗಾಡ್ತಿದ್ದೀನಿ ಅಂದ್ರೆ, ಕ್ಲಾಸಲ್ಲಿ 1784 ಬಂದಾಗ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಅರ್ಧ ಬೆಂಚು ತಿರುಗಿ ಬ್ಯಾರಿ ಹುಡುಗನ ಮುಖ ನೋಡುತ್ತೆ, ಇನ್ನರ್ಧ ಕ್ರಿಶ್ಚಿಯನ್ ಹುಡುಗಿಯ ಮುಖ ನೋಡುತ್ತೆ. ಇಬ್ಬರೂ ಒಂದೇ ಬಸ್ಸಲ್ಲಿ ಬಣಕಲ್ ಕಡೆ ಹೋಗೋರು. ಅವನಿಗೆ ಕ್ಷಮೆ ಕೇಳೋಕೆ ಏನೂ ಇಲ್ಲ, ಅವಳಿಗೆ ಸೇಡು ತೀರಿಸ್ಕೊಳ್ಳೋಕೆ ಯಾರೂ ಇಲ್ಲ. ಹಾಗಿದ್ದೂ ಹೋದ ವಾರ ಅವನ ಹಬ್ಬದ ಫೋಟೋ ಕೆಳಗೆ ಕತ್ತಿ ಎಮೋಜಿ ಹಾಕಿದವರು ನಮ್ಮ ಗ್ರೂಪಿನಲ್ಲೇ ಇದ್ದಾರೆ, ಅದನ್ನ ಲೈಕ್ ಮಾಡಿದ 11 ಜನರ ಹೆಸರೂ ಕಾಣುತ್ತೆ.

(8/8)
ಬೆನ್ ಯಿಜು ಏನಾದ ಅಂತ ಕೇಳಿದವರಿಗೆ.

1148ರಲ್ಲೇ, ಡಮಾಸ್ಕಸ್ ಮುತ್ತಿಗೆಗೆ ಸ್ವಲ್ಪ ದಿನ ಮೊದಲು, ಸಿಸಿಲಿಯ ಕ್ರೈಸ್ತ ರಾಜ ಎರಡನೇ ರೋಜರ್ ಹಡಗು ಕಳಿಸಿ ಮಹ್ದಿಯಾ ಹಿಡಿದ. ಬೆನ್ ಯಿಜುವಿನ ಅಣ್ಣತಮ್ಮಂದಿರು, ತಂಗಿ ಇದ್ದ ಕಡೆ. 1149ರಲ್ಲಿ ಅವನು ಮಂಗಳೂರು ಬಿಟ್ಟು ಮಗ, ಮಗಳನ್ನ ಕರ್ಕೊಂಡು ಏಡನ್‌ಗೆ ಹೋದ. ಅಲ್ಲಿಂದ ಆ ಸೆಪ್ಟೆಂಬರ್‌ನಲ್ಲಿ ಒಡಹುಟ್ಟಿದವರಿಗೆ ಕಾಗದ ಬರೆದ. ಊರಿನ ಸುದ್ದಿ ಕೇಳಿದೆ, ನಮ್ಮೆಲ್ಲರಿಗೂ ಸಾಕಾಗುವಷ್ಟು ಸಂಪಾದನೆ ಆಗಿದೆ, ಬಂದುಬಿಡಿ ಅನ್ನೋದು ಅದರ ಸಾರ. ಅವರು ಆಗ ಸಿಸಿಲಿಯಲ್ಲಿ ಬರಿಗೈಲಿ ಇದ್ದರು. ಕಾಗದ ತಲುಪೋದು ತಡವಾಯ್ತು, ಒಬ್ಬರಿಗೊಬ್ಬರು ಸಿಗೋದು ಇನ್ನೂ ತಡವಾಯ್ತು. ಮಗ ಏಡನ್‌ನಲ್ಲೇ ತೀರಿಕೊಂಡ.

ಮಗಳ ಹೆಸರು ಸಿತ್ ಅಲ್-ದಾರ್. 1156ರಲ್ಲಿ ಹಳೇ ಕೈರೋದಲ್ಲಿ, ಸಿಸಿಲಿಯಿಂದ ಬಂದ ದೊಡ್ಡಪ್ಪ-ಚಿಕ್ಕಪ್ಪನ ಕಡೆಯ ಹುಡುಗ ಸುರೂರ್ ಜೊತೆ ಅವಳ ಮದುವೆಯಾಯ್ತು. ಮುಸ್ಲಿಂ ಖಲೀಫನ ಊರಲ್ಲಿ, ಯಹೂದಿ ಮದುವೆ, ವಧು ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದವಳು. ವರದಕ್ಷಿಣೆಯ ಪಟ್ಟಿ ಕೂಡ ಸಿಕ್ಕಿದೆ. ಆ ಊರಿಂದ ಕೆಲವು ದಿನದ ದಾರಿ ಆಚೆ ಕ್ರುಸೇಡ್‌ನವರ ಕೋಟೆಗಳು ಆಗ ಇನ್ನೂ ಇದ್ದವು.